ಈಟಿ ಝಳಪಿಸುವವನ ಮನೆತನ

ಮಹಾಕವಿಗಳ ಕೃತಿಗಳನ್ನು ಓದುವವರು ಅವರ ಹೆಸರಿನ ಅರ್ಥವನ್ನು ವಿಚಾರಿಸುವುದು ಅಪರೂಪ. ಶೇಕ್ಸ್‌ಪಿಯರ್ ಎಂಬ ಹೆಸರು ನಮ್ಮ ಕಿವಿಗೆ ಎಷ್ಟು ಪಳಗಿದೆಯೆಂದರೆ, ಅದು ಒಬ್ಬನೇ ವ್ಯಕ್ತಿಗೆ ಸಂದ ಬಿರುದೋ ಎಂಬಂತೆ ಅದನ್ನು ಬಳಸುತ್ತೇವೆ. ಆತನ ‘ಹ್ಯಾಮ್ಲೆಟ್’ ಕುವೆಂಪು ಅವರ ಕೈಯಲ್ಲಿ ಬಿದನೂರಿನ ನೆಲಕ್ಕೆ ಬಂದು ‘ರಕ್ತಾಕ್ಷಿ’ಯಾಯಿತು; ‘ಟೆಂಪೆಸ್ಟ್’ ‘ಬಿರುಗಾಳಿ’ಯಾಯಿತು. ನಾಟಕಗಳು ಕನ್ನಡದ ಉಡುಗೆ ತೊಟ್ಟವು. ಕವಿಯ ಹೆಸರು ಮಾತ್ರ ಅರ್ಥ ಬಿಡದ ಮಂತ್ರದಂತೆ ಹಾಗೆಯೇ ಉಳಿಯಿತು. ಆದರೆ ಅದು ಬಿರುದಲ್ಲ. ಇಂಗ್ಲೆಂಡಿನ ನಡುನಾಡಿನ ಕೆಲವು ಹಳ್ಳಿಗಳ ಒಕ್ಕಲು ಮಕ್ಕಳೂ ಕಸುಬುದಾರರೂ ತಲೆಮಾರುಗಳಿಂದ ಹೊತ್ತುಬಂದ ಒಂದು ವಿರಳ ಮನೆತನದ ಹೆಸರು. ಕವಿಗಿಂತ ಮುನ್ನೂರು ವರ್ಷ ಮೊದಲೇ ಅದು ಇದ್ದಿತು; ಕವಿಯ ವಂಶ ಅಳಿದ ಮೇಲೂ ಅದು ಉಳಿಯಿತು. ಈ ಎರಡು ಸಂಗತಿಗಳ ನಡುವೆ ಒಂದು ಕರುಣೆಯ ಕಥೆಯಿದೆ.

ಇಂಗ್ಲೆಂಡಿನಲ್ಲಿ ಮನೆತನದ ಹೆಸರುಗಳು ಅನಾದಿಯಾದುವಲ್ಲ. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದಾಗ ಸಾಮಾನ್ಯ ಜನರಿಗೆ ಇದ್ದುದು ಒಂದೇ ಹೆಸರು. ಒಂದೇ ಊರಿನಲ್ಲಿ ಐದಾರು ಜನ ಜಾನ್, ಏಳೆಂಟು ಜನ ವಿಲಿಯಂ ಇದ್ದರೆ ಗುರುತಿಸುವುದು ಹೇಗೆ? ತಂದೆಯ ಹೆಸರಿನಿಂದ ಒಬ್ಬ ಜಾನ್‌ಸನ್ ಆದ. ಕಮ್ಮಾರಿಕೆಯಿಂದ ಒಬ್ಬ ಸ್ಮಿತ್ ಆದ. ಗುಡ್ಡದ ಬಳಿ ಮನೆಯಿದ್ದವನು ಹಿಲ್ ಆದ. ನಾಲ್ಕನೆಯ ಬಗೆಯೊಂದಿತ್ತು: ಮೈಬಣ್ಣ, ನಡೆನುಡಿ, ಚಾಳಿಗಳನ್ನು ನೋಡಿ ನೆರೆಹೊರೆಯವರು ಇಟ್ಟ ಅಡ್ಡಹೆಸರು. ಮೊದಮೊದಲು ಇವೆಲ್ಲ ಆಯಾ ವ್ಯಕ್ತಿಯೊಡನೆಯೇ ಮಣ್ಣಾಗುತ್ತಿದ್ದವು. ಜಮೀನಿನ ಹಕ್ಕು ತಂದೆಯಿಂದ ಮಗನಿಗೆ ಇಳಿಯುವುದನ್ನು ಜಮೀನುದಾರರ ನ್ಯಾಯಸಭೆಗಳು ಬರೆದಿಡತೊಡಗಿದ ಮೇಲೆ, 1377ರಿಂದ 1381ರವರೆಗೆ ಮೂರು ಬಾರಿ ತಲೆಗಂದಾಯ ವಸೂಲಾದ ಮೇಲೆ, ಹೆಸರುಗಳು ಕ್ರಮೇಣ ಮನೆಯಲ್ಲಿ ನೆಲೆನಿಂತವು. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿಯೊಂದು ಇಗರ್ಜಿಯಲ್ಲೂ ನಾಮಕರಣ, ಮದುವೆ, ಸಮಾಧಿಗಳ ದಾಖಲೆ ಇಡಬೇಕೆಂದು ಆಜ್ಞೆ ಮಾಡಿದ. ಕವಿಯ ನಾಮಕರಣದ ದಿನ 1564ರ ಏಪ್ರಿಲ್ 26 ಎಂದು ಇಂದು ನಾವು ಹೇಳಬಲ್ಲುದು ಈ ಆಜ್ಞೆಯ ಫಲವಾಗಿ.

ಶೇಕ್ಸ್‌ಪಿಯರ್ ಎಂಬುದು ಅಡ್ಡಹೆಸರಿನ ಗುಂಪಿಗೆ ಸೇರಿದ್ದು. ಒಂದು ಕ್ರಿಯಾಪದವನ್ನೂ ಒಂದು ವಸ್ತುವನ್ನೂ ಬೆಸೆದು ಮಾಡಿದ ಇಂಥ ಹೆಸರುಗಳು ಆ ನಾಡಿನಲ್ಲಿ ಹಲವಿವೆ. ದೊಣ್ಣೆಯಾಡಿಸುವವನು ವ್ಯಾಗ್‌ಸ್ಟಾಫ್, ನೀರು ಕುಡಿಯುವವನು ಡ್ರಿಂಕ್‌ವಾಟರ್, ಈಟಿ ಮುರಿಯುವವನು ಬ್ರೇಕ್‌ಸ್ಪಿಯರ್. ಪೋಪ್ ಪೀಠವೇರಿದ ಏಕೈಕ ಇಂಗ್ಲಿಷ್ ಮನುಷ್ಯ, 1154ರಿಂದ 1159ರವರೆಗೆ ಆಳಿದ ನಾಲ್ಕನೆಯ ಏಡ್ರಿಯನ್, ಪೂರ್ವಾಶ್ರಮದಲ್ಲಿ ನಿಕೊಲಸ್ ಬ್ರೇಕ್‌ಸ್ಪಿಯರ್ ಆಗಿದ್ದವನು. ಹಾಗೆಯೇ ಈಟಿ ಝಳಪಿಸುವವನು ಶೇಕ್ಸ್‌ಪಿಯರ್. ಮೊದಲು ಈ ಹೆಸರು ಪಡೆದವನು ಸಿಪಾಯಿಯಾಗಿದ್ದಿರಬಹುದು, ಅಧಿಕಾರದ ಕೋಲು ಹಿಡಿದ ಊರ ನೌಕರನಾಗಿದ್ದಿರಬಹುದು, ಅಥವಾ ಮಾತಿಗೆ ಮುಂಚೆ ಆಯುಧ ಎತ್ತುವ ಜಗಳಗಂಟನಾಗಿದ್ದಿರಬಹುದು. ಹೆಸರಿನಲ್ಲಿ ಗೌರವಕ್ಕಿಂತ ಗೇಲಿಯ ಧ್ವನಿಯೇ ಹೆಚ್ಚು.

ದೊಡ್ಡ ಹೆಸರನ್ನು ತಮ್ಮದಾಗಿಸಿಕೊಳ್ಳುವ ಆಸೆ ಎಲ್ಲ ನಾಡುಗಳಿಗೂ ಇದೆ. ಅದು ಫ್ರೆಂಚರ ‘ಜಾಕ್ ಪಿಯೆರ್’ ಎಂದವರುಂಟು; ಅರಬ್ಬರ ‘ಶೇಖ್ ಜುಬೈರ್’ ಎಂದವರುಂಟು; ಆತ ನಮ್ಮ ‘ಶೇಷಪ್ಪ ಅಯ್ಯರ್’ ಎಂದು ದಕ್ಷಿಣ ಭಾರತದವರೂ ನಗೆಯಾಡಿದ್ದುಂಟು. ಇವೆಲ್ಲ ಹರಟೆಗೆ ಸೊಗಸು, ಚರಿತ್ರೆಗೆ ಸಲ್ಲವು. ಹಳೆಯ ದಾಖಲೆಗಳಲ್ಲಿ ಈಟಿಯೇ ಸ್ಪಷ್ಟವಾಗಿ ಕಾಣುತ್ತದೆ.

ಆ ದಾಖಲೆಗಳಲ್ಲಿ ಮೊದಲನೆಯದು ಕವಿಯ ಅಭಿಮಾನಿಗಳಿಗೆ ಹಿತವಾದುದಲ್ಲ. 1248ರಲ್ಲಿ ಗ್ಲಾಸ್ಟರ್‌ಶೈರ್ ಪ್ರಾಂತದ ಕ್ಲಾಪ್ಟನ್ ಎಂಬ ಹಳ್ಳಿಯ ಒಬ್ಬನನ್ನು ಸುಲಿಗೆಯ ಅಪರಾಧಕ್ಕಾಗಿ ಗಲ್ಲಿಗೇರಿಸಲಾಯಿತು. ಅವನ ಹೆಸರು ವಿಲಿಯಂ ಸಾಕ್ಸ್‌ಪಿಯರ್. ಕವಿಯ ಊರಾದ ಸ್ಟ್ರಾಟ್‌ಫರ್ಡಿಗೆ ಆ ಹಳ್ಳಿ ಕೆಲವೇ ಮೈಲಿಗಳ ದೂರ. ಆ ಹೆಸರಿನ, ಆ ಮನೆತನದ ಹೆಸರಿನ ಮೊದಲ ವಿಲಿಯಂ ನೇಣುಗಂಬದಲ್ಲಿ ನಮಗೆ ಭೇಟಿಯಾಗುತ್ತಾನೆ.

ಅಲ್ಲಿಂದ ಮುಂದೆ ವಾರಿಕ್‌ಶೈರಿನ ರೋವಿಂಗ್ಟನ್, ರಾಕ್ಸಾಲ್, ನೋಲ್ ಮುಂತಾದ ಊರುಗಳ ಕಡತಗಳಲ್ಲಿ ಈ ಹೆಸರು ಮತ್ತೆ ಮತ್ತೆ ತಲೆದೋರುತ್ತದೆ. ಎಲ್ಲರೂ ಸಾಮಾನ್ಯರು: ಗೇಣಿದಾರರು, ಸಣ್ಣ ಹಿಡುವಳಿಯವರು, ಕಸುಬುದಾರರು. ಹೆಸರು ಮೇಲ್ಮಟ್ಟದ್ದೆಂದು ಯಾರಿಗೂ ತೋರಿರಲಿಲ್ಲವೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. 1487ರಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ ಹ್ಯೂ ಶೇಕ್ಸ್‌ಪಿಯರ್ ಎಂಬ ವಿದ್ವಾಂಸನೊಬ್ಬ ತನ್ನ ಹೆಸರನ್ನು ಸಾಂಡರ್ಸ್ ಎಂದು ಬದಲಿಸಿಕೊಂಡ. ಹಳೆಯ ಹೆಸರನ್ನು ಜನ ಕೀಳೆಂದು ಎಣಿಸುತ್ತಿದ್ದುದೇ ಕಾರಣವೆಂದು ಕಾಲೇಜಿನ ಲ್ಯಾಟಿನ್ ದಾಖಲೆ ಹೇಳುತ್ತದೆ. ಆ ಪಂಡಿತನು ನಾಚಿ ಕಳಚಿಟ್ಟ ಹೆಸರನ್ನು ಒಂದು ನೂರು ವರ್ಷ ಕಳೆಯುವಷ್ಟರಲ್ಲಿ ಕೈಗವಸು ಹೊಲಿಯುವವನ ಮಗನೊಬ್ಬ ಎಲ್ಲಿಗೆ ಒಯ್ದ!

ಆ ಹೆಸರಿಗೆ ಆಗ ಒಂದು ಸ್ಥಿರವಾದ ರೂಪವೂ ಇರಲಿಲ್ಲ. ಕಾಗುಣಿತ ಬರೆಯುವವನ ಕಿವಿಗೂ ಕೈಗೂ ಬಿಟ್ಟದ್ದಾಗಿತ್ತು. 1582ರ ನವೆಂಬರ್ 27ರಂದು ಕವಿಯ ಮದುವೆಯ ಪರವಾನಗಿಯ ದಾಖಲೆಯಲ್ಲಿ ಹೆಸರು ‘ಶಾಕ್ಸ್‌ಪಿಯರ್’ ಎಂದಿದೆ. ಮರುದಿನದ ಮುಚ್ಚಳಿಕೆಯಲ್ಲಿ ಅದೇ ವರನು ‘ಶಾಗ್ಸ್‌ಪಿಯರ್’ ಆಗಿದ್ದಾನೆ. ಅರಮನೆಯಲ್ಲಿ ನಡೆದ ನಾಟಕಗಳ ಒಂದು ಲೆಕ್ಕಪತ್ರದಲ್ಲಿ ‘ಶಾಕ್ಸ್‌ಬರ್ಡ್’ ಆಗಿದ್ದಾನೆ. ಕವಿಯದೇ ಹಸ್ತಾಕ್ಷರವೆಂದು ಒಪ್ಪಿರುವ ಆರು ಸಹಿಗಳಲ್ಲಿ ಒಂದರಲ್ಲಿಯೂ ನಾವು ಇಂದು ಬರೆಯುವ ಕಾಗುಣಿತವಿಲ್ಲ. ಅದು ನೆಲೆಗೊಂಡದ್ದು ಅಚ್ಚಿನ ಮನೆಯಲ್ಲಿ: 1593ರ ‘ವೀನಸ್ ಅಂಡ್ ಅಡೋನಿಸ್’ ಕಾವ್ಯದ ಅರ್ಪಣೆಯಲ್ಲಿ ಕಾಣಿಸಿಕೊಂಡು, 1623ರ ನಾಟಕ ಸಂಪುಟದಲ್ಲಿ ಗಟ್ಟಿಯಾಯಿತು. ಮನೆತನ ಕೊಟ್ಟ ಹೆಸರಿಗೆ ಮುದ್ರಣವು ಮೈಕಟ್ಟು ಕೊಟ್ಟಿತು.

ಇನ್ನು ಕವಿಯ ಸ್ವಂತ ಮನೆಗೆ ಬರೋಣ. ಅಜ್ಜ ರಿಚರ್ಡ್ ಸ್ನಿಟರ್‌ಫೀಲ್ಡ್ ಎಂಬ ಹಳ್ಳಿಯ ಗೇಣಿ ರೈತ. ತಂದೆ ಜಾನ್ ಪಕ್ಕದ ಸ್ಟ್ರಾಟ್‌ಫರ್ಡಿಗೆ ಬಂದು ಕೈಗವಸಿನ ವ್ಯಾಪಾರದಲ್ಲಿ ಮುಂದೆ ಬಂದು, 1568ರಲ್ಲಿ ಪಟ್ಟಣದ ಮುಖ್ಯಾಧಿಕಾರಿಯೂ ಆದ. ಕಾಗದಪತ್ರಗಳಿಗೆ ಸಹಿಯ ಬದಲು ಗುರುತು ಹಾಕುತ್ತಿದ್ದ ಈ ಮನುಷ್ಯನಿಗೆ ತನ್ನ ಮನೆ ಕುಲೀನರ ಸಾಲಿಗೆ ಸೇರಬೇಕೆಂಬ ಹಂಬಲವಿತ್ತು. 1596ರ ಅಕ್ಟೋಬರ್ 20ರಂದು ಆ ಹಂಬಲ ಕೈಗೂಡಿ ಮನೆತನಕ್ಕೆ ಲಾಂಛನ ದೊರೆಯಿತು. ಹೊನ್ನಿನ ಬಣ್ಣದ ಗುರಾಣಿ, ಅದರ ಮೇಲೆ ಓರೆಯಾದ ಕಪ್ಪು ಪಟ್ಟಿ, ಪಟ್ಟಿಯಲ್ಲಿ ಒಂದು ಈಟಿ. ಶಿಖರದಲ್ಲಿ ರೆಕ್ಕೆ ಬಿಚ್ಚಿ ಈಟಿ ಹಿಡಿದು ನಿಂತ ಗಿಡುಗ. ಊರವರು ಗೇಲಿಗೆ ಇಟ್ಟ ಹೆಸರು ಈಗ ಚಿನ್ನದ ಚಿತ್ರವಾಯಿತು. ಅದರ ಜೊತೆಯ ಫ್ರೆಂಚ್ ಧ್ಯೇಯವಾಕ್ಯದ ತಾತ್ಪರ್ಯ, ಇದು ಹಕ್ಕಿಲ್ಲದೆ ಬಂದುದಲ್ಲ ಎಂದು.

ಲಾಂಛನವೆಂಬುದು ಮಗನಿಂದ ಮೊಮ್ಮಗನಿಗೆ ಇಳಿಯತಕ್ಕ ವಸ್ತು. ಆದರೆ ಅದು ಬರುವುದಕ್ಕೆ ಹತ್ತು ವಾರ ಮೊದಲು, ಅದೇ 1596ರ ಆಗಸ್ಟ್ 11ರಂದು, ಸ್ಟ್ರಾಟ್‌ಫರ್ಡಿನ ಇಗರ್ಜಿಯಲ್ಲಿ ಒಬ್ಬ ಬಾಲಕನನ್ನು ಮಣ್ಣು ಮಾಡಿದ್ದರು. ಅವನು ಹ್ಯಾಮ್ನೆಟ್, ಕವಿಯ ಏಕಮಾತ್ರ ಪುತ್ರ, ವಯಸ್ಸು ಹನ್ನೊಂದು. ಹೆಸರಿಗೆ ಮರ್ಯಾದೆ ಬಂದಾಗ ಅದನ್ನು ಮುಂದಕ್ಕೆ ಹೊರಬೇಕಾದ ಹೆಗಲು ಇರಲಿಲ್ಲ.

ಕವಿ ಸುಮ್ಮನೆ ಕೈಚೆಲ್ಲಲಿಲ್ಲ. 1616ರ ಮಾರ್ಚ್ 25ರ ದಿನಾಂಕವುಳ್ಳ ಉಯಿಲಿನಲ್ಲಿ ಆತ ಆಸ್ತಿಯ ಮುಖ್ಯ ಭಾಗವನ್ನು ಹಿರಿಯ ಮಗಳು ಸುಸಾನಾಳಿಗೆ ಬಿಟ್ಟು, ಆಕೆಯ ನಂತರ ಆಕೆಯ ಮೊದಲ ಮಗನಿಗೆ, ಅವನ ಸಂತತಿ ಇಲ್ಲದಿದ್ದರೆ ಎರಡನೆಯವನಿಗೆ, ಹೀಗೆ ಏಳನೆಯ ಮಗನವರೆಗೂ ಎಣಿಸಿ ಗಂಡು ಸಂತತಿಗೆ ಕಟ್ಟಿಟ್ಟ. ರಾಜವಂಶಗಳು ಅಳಿಯುವುದನ್ನು ನಾಟಕದಿಂದ ನಾಟಕಕ್ಕೆ ತೋರಿಸಿದವನು, ತನ್ನ ಮನೆಯಲ್ಲಿ ಹುಟ್ಟದ ಏಳು ಮೊಮ್ಮಕ್ಕಳಿಗೆ ಆಸ್ತಿ ಬರೆದ. ಸುಸಾನಾಳಿಗೆ ಒಬ್ಬ ಮಗನೂ ಹುಟ್ಟಲಿಲ್ಲ; ಇದ್ದವಳು ಎಲಿಜಬೆತ್ ಒಬ್ಬಳೇ. ಕಿರಿಯ ಮಗಳು ಜೂಡಿತ್, ಥಾಮಸ್ ಕ್ವೈನಿಯ ಹೆಂಡತಿ. ಕವಿ ಏಪ್ರಿಲ್ 23ರಂದು ತೀರಿಕೊಂಡ. ಅದೇ ವರ್ಷದ ನವೆಂಬರಿನಲ್ಲಿ ಆಕೆಯ ಚೊಚ್ಚಲ ಮಗನಿಗೆ ನಾಮಕರಣವಾಯಿತು. ತವರಿನ ಹೆಸರು ಉಳಿಯಲೆಂದು ಮಗುವಿಗೆ ಇಟ್ಟ ಹೆಸರು ಶೇಕ್ಸ್‌ಪಿಯರ್ ಕ್ವೈನಿ. ಮರುವರ್ಷದ ಮೇ ತಿಂಗಳಿನಲ್ಲಿ ಆ ಶಿಶು ಸತ್ತಿತು. ಆಮೇಲೆ ಹುಟ್ಟಿದ ರಿಚರ್ಡ್ ಮತ್ತು ಥಾಮಸ್ ಬೆಳೆದು ಪ್ರಾಯಕ್ಕೆ ಬಂದರು; 1639ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಇಬ್ಬರೂ ಹೋದರು. ಎಲಿಜಬೆತ್ ಎರಡು ಬಾರಿ ಮದುವೆಯಾದಳು, ಮಕ್ಕಳಾಗಲಿಲ್ಲ. 1670ರಲ್ಲಿ ಆಕೆಯ ಮರಣದೊಡನೆ ಕವಿಯ ನೇರ ಸಂತತಿ ಮುಗಿಯಿತು. ಆತನ ಮೂವರು ತಮ್ಮಂದಿರಾದ ಎಡ್ಮಂಡ್, ಗಿಲ್ಬರ್ಟ್, ರಿಚರ್ಡ್ ಕವಿಗಿಂತ ಮೊದಲೇ ತೀರಿಕೊಂಡಿದ್ದರು; ಹೆಸರು ಮುಂದುವರಿಸುವವರನ್ನು ಅವರೂ ಬಿಟ್ಟಿರಲಿಲ್ಲ. ಟೊಪ್ಪಿಗೆ ವ್ಯಾಪಾರಿಯೊಬ್ಬನನ್ನು ಮದುವೆಯಾಗಿದ್ದ ತಂಗಿ ಜೋನಳ ಸಂತತಿ ಮಾತ್ರ ಉಳಿಯಿತು. ಅದರ ಹೆಸರು ಹಾರ್ಟ್. ರಕ್ತ ಒಂದು ಕಡೆ, ಹೆಸರು ಇನ್ನೊಂದು ಕಡೆ ಹರಿದವು.

ಇದು ಒಬ್ಬನ ಮನೆಯ ದುರದೃಷ್ಟ ಮಾತ್ರವೇ? ವಿಕ್ಟೋರಿಯಾ ರಾಣಿಯ ಕಾಲದ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಈ ಪ್ರಶ್ನೆಯನ್ನು ಗಣಿತದ ರೂಪದಲ್ಲಿ ಕೇಳಿದ: ಹೆಸರಾಂತ ಮನೆತನಗಳು ಅಳಿಯುವುದು ಅವುಗಳ ದೋಷದಿಂದಲೋ, ಬರಿಯ ಆಕಸ್ಮಿಕದಿಂದಲೋ? ಉತ್ತರ ಕೊಡಲು ಯತ್ನಿಸಿದವನು ಹೆನ್ರಿ ವಿಲಿಯಂ ವಾಟ್ಸನ್ ಎಂಬ ಗಣಿತಜ್ಞ. ವೃತ್ತಿಯಿಂದ ಪಾದ್ರಿ, ಕವಿಯ ವಾರಿಕ್‌ಶೈರಿನಲ್ಲಿಯೇ ಕವೆಂಟ್ರಿಯ ಸಮೀಪದ ಇಗರ್ಜಿಯೊಂದರಲ್ಲಿದ್ದವನು. ಹೆಸರು ಗಂಡುಮಕ್ಕಳಿಂದ ಮಾತ್ರ ಮುಂದುವರಿಯುವ ಕಡೆ, ಯಾವುದೇ ಒಂದು ತಲೆಮಾರಿನಲ್ಲಿ ಗಂಡುಮಕ್ಕಳಿಲ್ಲದಿದ್ದರೆ ಸಾಕು, ಆ ಎಳೆ ಕಡಿಯುತ್ತದೆ. ಕಡಿದದ್ದು ಮತ್ತೆ ಕೂಡುವುದಿಲ್ಲ. ಎಲ್ಲ ಹೆಸರುಗಳೂ ಕಡೆಗೆ ಅಳಿಯಲೇಬೇಕೆಂಬ ವಾಟ್ಸನ್ನನ ತೀರ್ಮಾನ ಅತಿಯಾಯಿತೆಂದು ಮುಂದಿನ ಗಣಿತಜ್ಞರು ತಿದ್ದಿದರು. ಆದರೆ ಕೆಲವೇ ಮನೆಗಳಲ್ಲಿರುವ ಹೆಸರು ಆಕಸ್ಮಿಕಕ್ಕೆ ಬಲಿಯಾಗುವ ಸಂಭವ ಹೆಚ್ಚೆಂಬುದು ನಿಂತಿತು. ಕಮ್ಮಾರನಿಲ್ಲದ ಊರಿಲ್ಲವಾದ್ದರಿಂದ ಸ್ಮಿತ್ ಎಂಬ ಹೆಸರು ನೂರಾರು ಕಡೆ ಬೇರುಬಿಟ್ಟಿತು. ಅದಕ್ಕೆ ಅಳಿವಿನ ಭಯವಿಲ್ಲ. ಈಟಿ ಝಳಪಿಸುವವನು ಊರಿಗೊಬ್ಬನಿರುವುದಿಲ್ಲ.

ಆದರೂ ಹೆಸರು ಉಳಿದುಕೊಂಡಿತು. ಉಳಿಸಿದವರು ರೋವಿಂಗ್ಟನ್ನಿನಂಥ ಹಳ್ಳಿಗಳ ಆ ಇತರ ಶೇಕ್ಸ್‌ಪಿಯರರು. ಹತ್ತೊಂಬತ್ತನೆಯ ಶತಮಾನದ ಜನಗಣತಿಗಳಲ್ಲಿಯೂ ಈ ಹೆಸರಿನವರು ಹೆಚ್ಚಾಗಿ ಕಾಣುವುದು ವಾರಿಕ್‌ಶೈರ್, ವೂಸ್ಟರ್‌ಶೈರ್, ಸ್ಟಾಫರ್ಡ್‌ಶೈರ್‌ಗಳಲ್ಲಿ, ಬರ್ಮಿಂಗ್‌ಹ್ಯಾಮ್ ನಗರದ ಸುತ್ತಮುತ್ತ. ಹಳ್ಳಿಯ ಮಕ್ಕಳು ಕಾರ್ಖಾನೆಯ ಕೆಲಸಕ್ಕೆ ನಗರ ಸೇರಿದರು. ಹೆಸರು ತನ್ನ ತಾಯಿನಾಡಿನಿಂದ ಬಹಳ ದೂರ ಸರಿಯಲಿಲ್ಲ. 2017ರಲ್ಲಿ ಲೆಸ್ಟರ್ ನಗರದ ಫುಟ್‌ಬಾಲ್ ತಂಡವನ್ನು ನಡೆಸಿದ ಕ್ರೇಗ್ ಶೇಕ್ಸ್‌ಪಿಯರ್ ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನಲ್ಲಿಯೇ. ಇಂದು ಇಂಥವರು ಕೆಲವೇ ಸಾವಿರ ಮಂದಿ. ಇವರಲ್ಲಿ ಒಬ್ಬರೂ ಕವಿಯ ನೇರ ಸಂತತಿಯವರಲ್ಲ. ತಮ್ಮ ಹೆಸರನ್ನು ಹೇಳಿದಾಗಲೆಲ್ಲ ಎದುರಿನವರು ಕೇಳಿ ಮುಗುಳ್ನಗುವುದನ್ನು ಮಾತ್ರ ಇವರು ಆನುವಂಶಿಕವಾಗಿ ಪಡೆದಿದ್ದಾರೆ!

ಈ ಇತರರಲ್ಲೊಬ್ಬನು ನಮ್ಮ ದೇಶದ ನುಡಿಯೊಂದಕ್ಕೆ ಸಂಬಂಧಪಟ್ಟವನು. ಲೆಸ್ಟರ್‌ಶೈರಿನಲ್ಲಿ 1774ರಲ್ಲಿ ಹುಟ್ಟಿದ ಜಾನ್ ಶೇಕ್ಸ್‌ಪಿಯರ್, ಈಸ್ಟ್ ಇಂಡಿಯಾ ಕಂಪನಿಯ ಸೈನಿಕ ವಿದ್ಯಾಲಯದಲ್ಲಿ ಹಿಂದೂಸ್ತಾನಿ ಭಾಷೆಯ ಪ್ರಾಧ್ಯಾಪಕನಾಗಿದ್ದ. 1813ರಲ್ಲಿ ಆ ಭಾಷೆಯ ವ್ಯಾಕರಣವನ್ನೂ 1817ರಲ್ಲಿ ನಿಘಂಟನ್ನೂ ಪ್ರಕಟಿಸಿದ. ಭಾರತಕ್ಕೆ ಹೊರಟ ಎಷ್ಟೋ ಆಂಗ್ಲ ಯುವಕರು ಈ ಶೇಕ್ಸ್‌ಪಿಯರನ ಪುಸ್ತಕದಿಂದ ಹಿಂದೂಸ್ತಾನಿಯ ಅಕ್ಷರ ತಿದ್ದಿದರು. ಅತ್ತ ಕವಿ ಹುಟ್ಟಿದ ಮನೆ ಹಾರ್ಟ್ ಕುಟುಂಬದ ಕೈಯಲ್ಲಿ 1806ರವರೆಗೆ ಇದ್ದು, ಅನ್ಯರ ಪಾಲಾಗಿ, ಕಡೆಗೆ 1847ರಲ್ಲಿ ಹರಾಜಿಗೆ ಬಂದಿತು. ಸಾರ್ವಜನಿಕರ ಪರವಾಗಿ ಅದನ್ನು 3,000 ಪೌಂಡಿಗೆ ಕೊಂಡರು, ಜೀರ್ಣೋದ್ಧಾರಕ್ಕೆ ಹಣವಿರಲಿಲ್ಲ. 1856ರಲ್ಲಿ ಅದಕ್ಕಾಗಿ 2,500 ಪೌಂಡುಗಳನ್ನು ಕೊಡಮಾಡಿದವನು ಈ ವೃದ್ಧ ಹಿಂದೂಸ್ತಾನಿ ಪಂಡಿತ. ಎರಡು ವರ್ಷಗಳಲ್ಲಿ ಆತನೂ ಕಾಲವಾದ.

ಸ್ಟ್ರಾಟ್‌ಫರ್ಡಿನ ಆ ಮನೆ ಇಂದೂ ನಿಂತಿದೆ. ಕವಿ ಉಯಿಲಿನಲ್ಲಿ ಎಣಿಸಿದ ಏಳು ಗಂಡುಮಕ್ಕಳಲ್ಲಿ ಒಬ್ಬನೂ ಅದನ್ನು ಕಾಯಲು ಬರಲಿಲ್ಲ. ಬಂದವನು ಹೆಸರನ್ನು ಮಾತ್ರ ಹಂಚಿಕೊಂಡಿದ್ದ ಒಬ್ಬ ನಿಘಂಟುಕಾರ. ಹೆಸರಿಗೆ ಮನೆತನ ಬೇಕು ನಿಜ. ಆದರೆ ಅದನ್ನು ಋಣವೆಂದು ತಿಳಿದು ತೀರಿಸುವವನು ಎಲ್ಲಿಂದ ಬಂದರೂ ಆ ಮನೆಯವನೇ.