ಹೊರದೇಶದ ಸಂಸ್ಥೆಗಳಿಗೆ ಊರಿನಿಂದಲೇ ಕೆಲಸ: ಚಿಕ್ಕಬಳ್ಳಾಪುರ ಜಿಲ್ಲೆ

ಒಂದು ದೇಶದಲ್ಲಿ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಕುಳಿತು ಇನ್ನೊಂದು ದೇಶದ ಸಂಸ್ಥೆಗೆ ದುಡಿದು ಹಣ ಪಡೆಯುವ ಪದ್ಧತಿ. ಜನರ ಬಾಯಲ್ಲಿ ಇದೂ ‘ವರ್ಕ್ ಫ್ರಮ್ ಹೋಮ್’ ಎಂದೇ ಸೇರಿಹೋಗಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಭಾಗದಲ್ಲಿ ಇದರ ಇತಿಹಾಸವನ್ನು ಬೆಂಗಳೂರಿನಿಂದ ಬಿಡಿಸಿ ಹೇಳಲಾಗದು. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಯ ಕೇಂದ್ರಪಟ್ಟಣ ರಾಜಧಾನಿಗೆ ಸುಮಾರು 60 ಕಿ.ಮೀ. ದೂರದಲ್ಲಿದೆ. ಕೆಲಸ ಹಂತಹಂತವಾಗಿ ಊರ ಹತ್ತಿರಕ್ಕೆ ಬಂತು. ಅದೇ ವೇಗದಲ್ಲಿ ಕೆಲಸ ಕೊಡುವವನು ಕಣ್ಣಿಗೆ ಕಾಣದಷ್ಟು ದೂರ ಹೋದ.

ಹೊರದೇಶದ ಸಂಗತಿಯನ್ನು ಇಲ್ಲಿ ಕುಳಿತು ಗಮನಿಸುವ ಕೆಲಸ ಈ ಸೀಮೆಗೆ ಹಳೆಯದೇ. ದೂರದೇಶಗಳ ಭೂಗತ ಅಣುಸ್ಫೋಟಗಳನ್ನು ಗುರುತಿಸುವ ಭೂಕಂಪಮಾಪಕ ಸರಣಿಯನ್ನು ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದಿಂದ 1965ರಲ್ಲಿ ಗೌರಿಬಿದನೂರಿನ ಬಳಿ ಸ್ಥಾಪಿಸಲಾಯಿತು. ಆದರೆ ಅಲ್ಲಿನವರ ಸಂಬಳ ಭಾರತ ಸರ್ಕಾರದ್ದು. ಹಾಗಾಗಿ ಈ ಇತಿಹಾಸಕ್ಕೆ ಅದು ಪೀಠಿಕೆ ಮಾತ್ರ.

ತಂತ್ರಾಂಶದ ಮೊದಲ ವರ್ಷಗಳಲ್ಲಿ ಕೆಲಸವಿದ್ದ ಕಡೆಗೆ ಮನುಷ್ಯನೇ ಹೋಗಬೇಕಿತ್ತು. 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಕೂಡ ಆರಂಭದಲ್ಲಿ ತನ್ನ ಎಂಜಿನಿಯರುಗಳನ್ನು ಅಮೆರಿಕದ ಗಿರಾಕಿಯ ಕಚೇರಿಗೇ ಕಳಿಸುತ್ತಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಸ್ವಂತ ಉಪಗ್ರಹ ಸಂಪರ್ಕ ಹಾಕಿಕೊಂಡ ಮೇಲೆ ಲೆಕ್ಕ ತಲೆಕೆಳಗಾಯಿತು. ಅದರ ಉಪಕರಣ ಎತ್ತಿನಗಾಡಿಯಲ್ಲಿ ಬಂತೆಂಬ ಮಾತು ಇಂದಿಗೂ ಕೇಳಿಬರುತ್ತದೆ. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸಂಸ್ಥೆ ರೂಪುಗೊಂಡು, ಸ್ವಂತ ಉಪಗ್ರಹ ಕೇಂದ್ರ ಹಾಕಿಕೊಳ್ಳಲಾಗದ ಸಣ್ಣ ಕಂಪನಿಗಳಿಗೂ ಹೊರದೇಶದ ಡೇಟಾ ಸಂಪರ್ಕ ಬಾಡಿಗೆಗೆ ಸಿಗತೊಡಗಿತು. ಅಮೆರಿಕದ ವೈದ್ಯರ ಧ್ವನಿಮುದ್ರಣವನ್ನು ರಾತ್ರಿಯಿಡೀ ಟೈಪು ಮಾಡುವ ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್, ಆಮೇಲೆ ಕಾಲ್ ಸೆಂಟರ್, ಎಲ್ಲವೂ ಬಂದವು. ಆದರೂ ಬಂದದ್ದು ಬೆಂಗಳೂರಿನವರೆಗೆ. ಚಿಂತಾಮಣಿಯ ಹುಡುಗನಿಗೆ ಬಸ್ಸು, ಗೌರಿಬಿದನೂರಿನ ಹುಡುಗಿಗೆ ರೈಲು, ಇಲ್ಲವೇ ಪಿಜಿ ಕೋಣೆ ತಪ್ಪಲಿಲ್ಲ.

ಕೆಲಸ ನಗರದ ಗಡಿ ದಾಟಿದ್ದು ಬಾಗೇಪಲ್ಲಿಯಲ್ಲಿ. 2008ರಲ್ಲಿ ಹುಟ್ಟಿದ ರೂರಲ್‌ಶೋರ್ಸ್ ತನ್ನ ಮೊದಲ ಗ್ರಾಮೀಣ ಬಿಪಿಒ ಕೇಂದ್ರವನ್ನು ಇಲ್ಲಿ ತೆರೆಯಿತು. ಪಿಯುಸಿ, ಪದವಿ ಮುಗಿಸಿ ಊರಲ್ಲೇ ಉಳಿದ ಯುವಕ ಯುವತಿಯರು, ಅದರಲ್ಲೂ ನಗರಕ್ಕೆ ಕಳಿಸಲು ಮನೆಯವರು ಒಪ್ಪದ ಹೆಣ್ಣುಮಕ್ಕಳು, ಇಂಥ ಕೇಂದ್ರಗಳಲ್ಲಿ ಫಾರಂಗಳ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬಿದರು. ಗ್ರಾಮೀಣ ಬಿಪಿಒಗಳ ಗಿರಾಕಿಗಳಲ್ಲಿ ಹೆಚ್ಚಿನವರು ದೇಶದೊಳಗಿನ ಕಂಪನಿಗಳೇ. ಆದರೂ ದೂರದ ಕಚೇರಿಯ ಕೆಲಸವನ್ನು ತಾಲ್ಲೂಕು ಮಟ್ಟದಲ್ಲಿ ಮಾಡಿ ಮುಗಿಸಬಹುದೆಂದು ತೋರಿಸಿದ್ದು ಈ ಪ್ರಯೋಗ. ಬೆಂಗಳೂರಿನ ನೆರಳು ಜಿಲ್ಲೆಗೆ ಕೆಡುಕನ್ನಷ್ಟೇ ಮಾಡಿತೆನ್ನುವವರು ಈ ಅಧ್ಯಾಯವನ್ನು ಮರೆಯುತ್ತಾರೆ.

ಕಚೇರಿಯೇ ಬೇಡವೆಂಬ ಹಂತಕ್ಕೆ ಎರಡು ಅಡ್ಡಿಗಳಿದ್ದವು: ಹಣ ಮತ್ತು ತಂತಿ. ಫ್ರೀಲಾನ್ಸ್ ಕೆಲಸದ ಹಣ ಪೇಪಾಲ್‌ನಂಥ ಸೇವೆಗಳ ಮೂಲಕ ಬರುತ್ತಿತ್ತು. 2010ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇಂಥ ಪಾವತಿಗೆ ವಹಿವಾಟೊಂದಕ್ಕೆ 500 ಡಾಲರಿನ ಮಿತಿ ಹಾಕಿತು. ಮರುವರ್ಷ ಅದು 3,000ಕ್ಕೆ, ಮುಂದೆ 10,000ಕ್ಕೆ ಏರಿತು. 2011ರಲ್ಲಿ ಒಪ್ಪಿಗೆ ಪಡೆದ ಗ್ರಾಮಪಂಚಾಯಿತಿ ಆಪ್ಟಿಕಲ್ ಫೈಬರ್ ಯೋಜನೆ ಮುಂದೆ ಭಾರತ್‌ನೆಟ್ ಆಯಿತು. ಮನೆಮಂದಿಗೆ ಇಂಟರ್‌ನೆಟ್ ಎಟುಕಿಸಿದ್ದು ಮಾತ್ರ ಹೆಚ್ಚಾಗಿ 2016ರಲ್ಲಿ ಜಿಯೋ ಬಂದ ನಂತರದ ದರಸಮರ.

2020ರ ಮಾರ್ಚಿನ ಲಾಕ್‌ಡೌನ್ ನಿಜವಾದ ತಿರುವು. ಅಲ್ಲಿಯವರೆಗೆ ಬಿಪಿಒ ನೌಕರರನ್ನು ಮನೆಯಿಂದ ದುಡಿಸಲು ಕಂಪನಿ 1 ಕೋಟಿ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಇಡಬೇಕಿತ್ತು. ಆ ತಿಂಗಳು ದೂರಸಂಪರ್ಕ ಇಲಾಖೆ ಅದನ್ನು ಸಡಿಲಿಸಿತು. ನವೆಂಬರಿನಲ್ಲಿ ನೋಂದಣಿಯ ಕಟ್ಟಳೆಯನ್ನೇ ತೆಗೆಯಿತು. ಲ್ಯಾಪ್‌ಟಾಪ್ ಸಮೇತ ಊರಿಗೆ ಮರಳಿದವರಿಗೆ ಕರೆಂಟು ಹೋದರೆ ಯುಪಿಎಸ್, ಬ್ರಾಡ್‌ಬ್ಯಾಂಡ್ ಕೈಕೊಟ್ಟರೆ ಮೊಬೈಲ್ ಹಾಟ್‌ಸ್ಪಾಟ್ ದಿಕ್ಕಾದವು. ದಿನಚರಿ ಕೆಲಸ ಕೊಟ್ಟವರ ದೇಶದ ಗಡಿಯಾರಕ್ಕೆ ಹೊಂದಿಕೊಂಡಿತು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಹರಾಜು ಮುಗಿದು ಮಧ್ಯಾಹ್ನದ ಊಟವಾಗುವ ಹೊತ್ತಿಗೆ ಲಂಡನ್ನಿನಲ್ಲಿ ಬೆಳಗಿನ ಒಂಬತ್ತು. ನ್ಯೂಯಾರ್ಕಿನಲ್ಲಿ ಒಂಬತ್ತಾಗಲು ಇಲ್ಲಿ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ.

ಕಾನೂನು ಈ ಓಟದಲ್ಲಿ ಹಿಂದೆ ಬಿದ್ದಿದೆ. ಭಾರತದಲ್ಲಿ ಕಚೇರಿಯಿಲ್ಲದ ವಿದೇಶಿ ಕಂಪನಿ ಇಲ್ಲಿನವರನ್ನು ನೇರವಾಗಿ ನೇಮಿಸಿಕೊಂಡರೆ ತನಗೂ ಇಲ್ಲಿ ತೆರಿಗೆ ಬೀಳಬಹುದೆಂಬ ಆತಂಕವಿರುತ್ತದೆ. ಆದ್ದರಿಂದ ಬಹಳಷ್ಟು ಕಡೆ ದುಡಿಯುವವರು ಕಾಗದದ ಮೇಲೆ ‘ಕನ್ಸಲ್ಟೆಂಟ್’. ಅವರಿಗೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಹೆರಿಗೆ ರಜೆಯ ಹಕ್ಕಿಲ್ಲ. ನೌಕರನನ್ನು ತನ್ನ ಹೆಸರಿನಲ್ಲಿ ನೇಮಿಸಿಕೊಂಡು ವಿದೇಶಿ ಕಂಪನಿಗೆ ಒದಗಿಸುವ ಮಧ್ಯವರ್ತಿ ಸಂಸ್ಥೆಗಳ ಮೂಲಕ ಹೋದವರಿಗೆ ಇವು ಸಿಗುತ್ತವೆ. ಇರುವುದರಲ್ಲಿ ಅದೇ ವಾಸಿ. ಭಾರತದ ನಿವಾಸಿಗೆ ಎಲ್ಲಿಂದ ಬಂದ ಆದಾಯಕ್ಕೂ ಇಲ್ಲೇ ತೆರಿಗೆ. ಕನ್ಸಲ್ಟೆಂಟ್ ಆದವರು ಮುಂಗಡ ತೆರಿಗೆಯನ್ನು ತಾವೇ ಕಟ್ಟಬೇಕು. ವರ್ಷದ ಗಳಿಕೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವಾ ರಫ್ತಿನ ಷರತ್ತು ಪೂರೈಸಿ ಮುಚ್ಚಳಿಕೆ ಸಲ್ಲಿಸಿದವರು ಆ ತೆರಿಗೆ ಕಟ್ಟದೆ ಬಿಲ್ ಕಳಿಸಬಹುದು. ಇಂಥ ಕೆಲಸಕ್ಕೆ ಸಹಿ ಹಾಕುವವರು ಸಂಬಳದ ಅಂಕಿಗಿಂತ ಮೊದಲು ಒಪ್ಪಂದ ಯಾವ ದೇಶದ ಕಾನೂನಿಗೆ ಒಳಪಟ್ಟಿದೆ, ಕೆಲಸ ಬಿಡಿಸಲು ಎಷ್ಟು ದಿನದ ನೋಟಿಸ್ ಎಂಬುದನ್ನು ಓದಿಕೊಳ್ಳಬೇಕು. ಪ್ರತಿ ಪಾವತಿಗೂ ಬ್ಯಾಂಕಿನಿಂದ ವಿದೇಶಿ ಹಣ ಸಂದಾಯದ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಬೇಕು.