ಬಳ್ಳಾರಿಗೆ ಬಂದ ಬೋಯರ್ ಕೈದಿಗಳು

‘ಕಾನ್ಸಂಟ್ರೇಷನ್ ಕ್ಯಾಂಪ್’ ಎಂದೊಡನೆ ನಮಗೆ ನೆನಪಾಗುವುದು ಹಿಟ್ಲರನ ಜರ್ಮನಿ. ಡಾಖಾವ್ ಶಿಬಿರದಲ್ಲಿ 1944ರ ಡಿಸೆಂಬರ್ 17ರಂದು ಧನ್ಯ ಕಾರ್ಲ್ ಲೈಸ್ನರ್ ಗುರುದೀಕ್ಷೆ ಪಡೆದರಲ್ಲ, ಅಂದು ದೀಕ್ಷೆ ಕೊಟ್ಟ ಧರ್ಮಾಧ್ಯಕ್ಷರೂ ಕೈದಿಯೇ. ಅವರು ಹಿಡಿದಿದ್ದ ದಂಡವನ್ನು ಜೊತೆಯ ಕೈದಿಯೊಬ್ಬರು ಮರದಲ್ಲಿ ಕೆತ್ತಿದ್ದರು. ಆದರೆ ಈ ಹೆಸರು ಲೋಕದ ಬಾಯಿಗೆ ಬಿದ್ದದ್ದು ಅದಕ್ಕೂ 40 ವರ್ಷ ಮೊದಲು, ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ. ಆ ಕಥೆಯ ಒಂದು ಎಳೆ ನಮ್ಮ ಕಡೆಗೂ ಬರುತ್ತದೆ.

ಬೋಯರರು ಡಚ್ ಮೂಲದ ರೈತರು, ಬೈಬಲ್ ಓದುವ ಪ್ರೊಟೆಸ್ಟೆಂಟರು. 1899ರಿಂದ 1902ರವರೆಗೆ ಬ್ರಿಟಿಷರೊಡನೆ ಕಾದಾಡಿದರು. ಸಿಕ್ಕಿಬಿದ್ದವರಲ್ಲಿ ಸುಮಾರು 9,000 ಮಂದಿಯನ್ನು ಹಡಗಿನಲ್ಲಿ ಭಾರತಕ್ಕೆ ಸಾಗಿಸಲಾಯಿತು. ಬಳ್ಳಾರಿ, ತಿರುಚ್ಚಿ, ನೀಲಗಿರಿಯ ಕೇತ್ತಿಯಲ್ಲೂ ಶಿಬಿರಗಳಿದ್ದವು. ಆಗ ಹೊಸೂರು ಸೇಲಂ ಜಿಲ್ಲೆಯ ತಾಲೂಕು. ಬಳ್ಳಾರಿಯವರೂ ನಾವೂ ಒಂದೇ ಮದ್ರಾಸ್ ಪ್ರಾಂತ್ಯದವರು.

ಇಂಥ ಶಿಬಿರಗಳಲ್ಲಿ ಹದಿಹರೆಯದ ಹುಡುಗರಿದ್ದರು, ಮೊಮ್ಮಕ್ಕಳನ್ನು ಕಂಡ ಅಜ್ಜಂದಿರಿದ್ದರು. ಹೊಲವಿಲ್ಲ, ದನವಿಲ್ಲ, ದಿನ ಮಾತ್ರ ಉದ್ದ. ರೈತನ ಕೈ ಸುಮ್ಮನೆ ಕೂರುತ್ತದೆಯೇ? ಭಾರತವಾಗಲಿ, ಸಿಲೋನ್ ಆಗಲಿ, ಸೇಂಟ್ ಹೆಲೆನಾ ದ್ವೀಪವಾಗಲಿ, ಹೋದಲ್ಲೆಲ್ಲ ಬೋಯರ್ ಕೈದಿಗಳು ಚಾಕು ಹಿಡಿದು ಕೂತರು. ಊಟದಲ್ಲಿ ಉಳಿದ ಮೂಳೆ ಎದೆಗೆ ಚುಚ್ಚುವ ಪಿನ್ನಾಯಿತು. ಮರದ ತುಂಡು ಹೊಗೆ ಸೇದುವ ಪೈಪಾಯಿತು, ಊರುಗೋಲಾಯಿತು, ಮುಚ್ಚಳವಿರುವ ಪುಟ್ಟ ಪೆಟ್ಟಿಗೆಯಾಯಿತು. ನಾಣ್ಯಗಳೂ ಒಡವೆಗಳಾದವು. ಎಷ್ಟೋ ವಸ್ತುಗಳ ಮೇಲೆ ಶಿಬಿರದ ಹೆಸರು, ಇಸವಿ, ‘ಯುದ್ಧಕೈದಿ’ ಎಂಬರ್ಥದ ಡಚ್ ಪದ ಕೆತ್ತಿರುತ್ತದೆ. ಕೆಲವನ್ನು ಮಾರಿ ಕಾಸು ಮಾಡಿಕೊಂಡರು, ಕೆಲವನ್ನು ಮನೆಯವರಿಗೆಂದು ಎತ್ತಿಟ್ಟರು.

ಮನೆಯವರೆಲ್ಲಿದ್ದರು? ಬ್ರಿಟಿಷ್ ಸೈನ್ಯ ಹೊಲಮನೆಗಳನ್ನು ಸುಟ್ಟು ಹೆಂಗಸರನ್ನೂ ಮಕ್ಕಳನ್ನೂ ಕಾನ್ಸಂಟ್ರೇಷನ್ ಕ್ಯಾಂಪುಗಳ ಡೇರೆಗಳಿಗೆ ತಳ್ಳಿತ್ತು. ದಡಾರ, ಟೈಫಾಯಿಡ್, ಹಸಿವು. ಅಲ್ಲಿ ಸತ್ತ ಬೋಯರರು ಸುಮಾರು 28,000. ಅವರಲ್ಲಿ 22,000ಕ್ಕೂ ಹೆಚ್ಚು ಮಕ್ಕಳು. ಕಪ್ಪು ಜನರಿಗೆ ಬೇರೆಯೇ ಶಿಬಿರಗಳಿದ್ದವು, ಅಲ್ಲೂ ಕನಿಷ್ಠ 14,000 ಮಂದಿ ಸತ್ತರು. ಈ ಎರಡನೆಯ ಲೆಕ್ಕವನ್ನು ಬಹುಕಾಲ ಯಾರೂ ಎತ್ತಲೇ ಇಲ್ಲ, ಅದು ನ್ಯಾಯವಲ್ಲ. ಮಗಳಿಗೆಂದು ಪೆಟ್ಟಿಗೆ ಕೆತ್ತುತ್ತಿದ್ದ ಅಪ್ಪನಿಗೆ ಮಗಳ ಸಾವಿನ ಸುದ್ದಿ ಬರಬೇಕಾದದ್ದು ಕಡಲು ದಾಟುವ ಕಾಗದದಲ್ಲಿ.

1902ರ ಮೇ 31ರಂದು ಸಂಧಿಯಾಯಿತು. ಮುಂದೆ ಕೈದಿಗಳು ಹಡಗು ಹತ್ತಿದರು. ಅವರ ಕೆತ್ತನೆಗಳು ಈಗ ಬ್ಲೂಮ್‌ಫಾಂಟೇನ್ ಊರಿನ ಯುದ್ಧ ಮ್ಯೂಸಿಯಂನಲ್ಲಿವೆ.

ಕ್ಯಾಂಪುಗಳ ಸ್ಥಿತಿಯನ್ನು 1901ರಲ್ಲಿ ಕಣ್ಣಾರೆ ಕಂಡು ಇಂಗ್ಲೆಂಡಿನಲ್ಲಿ ಬಯಲು ಮಾಡಿದ ಎಮಿಲಿ ಹಾಬ್‌ಹೌಸ್ ಎಂಬ ಇಂಗ್ಲಿಷ್ ಮಹಿಳೆ ತನ್ನ ದೇಶದವರಿಂದಲೇ ಬೈಸಿಕೊಂಡಳು. ಯುದ್ಧ ಮುಗಿದ ಮೇಲೆ ಮತ್ತೆ ಅಲ್ಲಿಗೇ ಹೋದಳು. 1905ರಲ್ಲಿ ಫಿಲಿಪೊಲಿಸ್ ಎಂಬ ಊರಿನಲ್ಲಿ, ಎಲ್ಲ ಕಳೆದುಕೊಂಡ ಮನೆಗಳ ಹುಡುಗಿಯರಿಗೆ ಉಣ್ಣೆ ನೂಲಲು, ನೇಯಲು ಕಲಿಸುವ ಶಾಲೆ ತೆರೆದಳು.