ಸೈಕಲ್‌ನಲ್ಲಿ ದೂರ ಹೋದರೆ ಮೊಣಕಾಲು ಸವೆಯುತ್ತದೆಯೇ? ಕವಿತಾಳದ ಕಾಲುವೆ ದಾರಿಯಲ್ಲಿ ಸತ್ಯ ಮತ್ತು ಸುಳ್ಳು

ಸೈಕಲ್ ಹೊಡೆಯುವವನಿಂದ ದೇಶದ ಆರ್ಥಿಕತೆ ಹಾಳಾಗುತ್ತದೆ, ಯಾಕೆಂದರೆ ಅವನು ಕಾರು ಕೊಳ್ಳುವುದಿಲ್ಲ, ಸಾಲ ಮಾಡುವುದಿಲ್ಲ, ಪೆಟ್ರೋಲ್ ಹಾಕಿಸುವುದಿಲ್ಲ, ಆಸ್ಪತ್ರೆಗೂ ಹೋಗುವುದಿಲ್ಲ. ಈ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಯಾವುದೋ ಬ್ಯಾಂಕಿನ ಮುಖ್ಯಸ್ಥರ ಮಾತು ಎಂಬ ಅಡಿಬರಹವೂ ಇರುತ್ತದೆ. ಇದು ವ್ಯಂಗ್ಯ. ನಕ್ಕು ಬಿಡಬಹುದು.

ಆದರೆ ಅದೇ ಗುಂಪಿನಲ್ಲಿ ಬರುವ ಬೇರೆ ಕೆಲವು ಸಂದೇಶಗಳನ್ನು ಜನ ನಂಬುತ್ತಾರೆ. ಸೈಕಲ್‌ನಿಂದ ಮೊಣಕಾಲು ಸವೆಯುತ್ತದೆ, ಗಂಡಸರಿಗೆ ದೌರ್ಬಲ್ಯ ಬರುತ್ತದೆ, ಹೆಣ್ಣುಮಕ್ಕಳಿಗೆ ಸೈಕಲ್ ಒಳ್ಳೆಯದಲ್ಲ, ಬಿಸಿಲಲ್ಲಿ ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ. ವಿಚಿತ್ರವೆಂದರೆ ಸೈಕಲ್ ಸವಾರನಿಗೆ ನಿಜವಾಗಿ ಅಪಾಯ ತರುವ ವೇಗದ ವಾಹನ, ಬಿಸಿಲು, ಕಾಲುವೆ ನೀರು ಈ ಮೂರರ ಬಗ್ಗೆ ಯಾವ ಫಾರ್ವರ್ಡ್ ಕೂಡ ಮಾತಾಡುವುದಿಲ್ಲ.

ರಾಯಚೂರು ಜಿಲ್ಲೆಯ ಕವಿತಾಳದಿಂದ ಸಾದಾ ಸೈಕಲ್‌ನಲ್ಲಿ ಒಂದು ದಿನ ಸುತ್ತಾಡಿ ಬರುವುದಾದರೆ ಏನೇನು ಎದುರಾಗುತ್ತದೆ ಎಂಬುದನ್ನು ಇಟ್ಟುಕೊಂಡೇ ಇವನ್ನು ಪರಿಶೀಲಿಸೋಣ.

ಗದ್ದಲವಿಲ್ಲದ ದಾರಿ ಎಲ್ಲಿದೆ?

ಸೈಕಲ್ ಪ್ರವಾಸ ಎಂದಾಗ ನಮಗೆ ನೆನಪಾಗುವುದು ಯುರೋಪಿನ ಬೆಟ್ಟದ ಊರುಗಳು. ಕಾರುಗಳೇ ಇಲ್ಲದ ದಾರಿ ಬೇಕೆಂದರೆ ಗ್ರೀಸ್‌ಗೇ ಹೋಗಬೇಕಾಗಿಲ್ಲ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ಬಹುಪಾಲು ಸಮತಟ್ಟು, ನಡುನಡುವೆ ಬಂಡೆಗುಡ್ಡಗಳು. ಕವಿತಾಳ, ಸಿರವಾರ, ಮಾನ್ವಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯೂ ಅದರ ಉಪಕಾಲುವೆಗಳೂ ಹರಡಿವೆ. ದೇವದುರ್ಗದ ಕಡೆ ಹೋದರೆ ನಾರಾಯಣಪುರ ಬಲದಂಡೆ ಕಾಲುವೆ. ಕಾಲುವೆಗಳ ಪಕ್ಕದಲ್ಲಿ ನೀರಾವರಿ ಇಲಾಖೆಯ ಪರಿಶೀಲನಾ ದಾರಿ ಇರುತ್ತದೆ. ನೀರು ಇಳಿಜಾರಿಗೆ ನಿಧಾನವಾಗಿ ಹರಿಯುವಂತೆ ಕಾಲುವೆ ತೋಡಿರುವುದರಿಂದ ಅದರ ಪಕ್ಕದ ದಾರಿಯಲ್ಲೂ ಏರು ಬಹಳ ಕಡಿಮೆ. ಇದು ಹೆದ್ದಾರಿಯಲ್ಲ, ಇಲಾಖೆಯ ದಾರಿ. ಗೇಟು ಹಾಕಿದ್ದರೆ, ದುರಸ್ತಿ ನಡೆಯುತ್ತಿದ್ದರೆ ಹಿಂದಿರುಗಬೇಕು.

ಸದ್ದಿಲ್ಲದ ದಾರಿ ಬರೀ ಮನಸ್ಸಿನ ನೆಮ್ಮದಿಗಲ್ಲ. ಸೈಕಲ್‌ಗೆ ಸಾಮಾನ್ಯವಾಗಿ ಕನ್ನಡಿ ಇರುವುದಿಲ್ಲ, ಹಿಂದೆ ಬರುವ ವಾಹನದ ಸುಳಿವು ಕಿವಿಯಿಂದಲೇ ಸಿಗಬೇಕು. ಹಾಗಾಗಿ ಕಿವಿಗೆ ಇಯರ್‌ಫೋನ್ ಬೇಡ. ಗುದ್ದಿನ ಶಕ್ತಿ ವೇಗದ ವರ್ಗದಷ್ಟು ಹೆಚ್ಚುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. 30 ಕಿ.ಮೀ. ವೇಗದ ವಾಹನಕ್ಕಿಂತ 60 ಕಿ.ಮೀ. ವೇಗದ ಅದೇ ವಾಹನದಲ್ಲಿ ನಾಲ್ಕು ಪಟ್ಟು ಶಕ್ತಿ ಇರುತ್ತದೆ. ರಾಯಚೂರು–ಲಿಂಗಸುಗೂರು ರಸ್ತೆಯಲ್ಲಿ ಬಸ್ಸು ಲಾರಿಗಳ ಪಕ್ಕ ಸೈಕಲ್ ಹೊಡೆಯುವುದಕ್ಕೂ ಕಾಲುವೆ ದಾರಿಯಲ್ಲಿ ಟ್ರ್ಯಾಕ್ಟರ್‌ಗೆ ಪಕ್ಕ ಸರಿಯುವುದಕ್ಕೂ ವ್ಯತ್ಯಾಸ ಇಲ್ಲಿದೆ. ಕತ್ತಲಾದ ಮೇಲೆ ಮಾತ್ರ ಮರಳಿನ ಟಿಪ್ಪರ್ ಓಡಾಡುವ ಹಳ್ಳಿ ರಸ್ತೆಯನ್ನೂ ನಂಬಬೇಡಿ.

ಭತ್ತದ ಕೊಯ್ಲಿನ ಕಾಲದಲ್ಲಿ ಇನ್ನೊಂದು ತೊಂದರೆ: ಡಾಂಬರು ರಸ್ತೆಯ ಅರ್ಧಕ್ಕೆ ಭತ್ತ ಒಣಗಲು ಹಾಕಿರುತ್ತಾರೆ. ಕಾಳಿನ ಮೇಲೆ ಚಕ್ರ ಜಾರುತ್ತದೆ. ಇಳಿದು ತಳ್ಳಿಕೊಂಡು ಹೋದರೆ ನಿಮಗೂ ಕ್ಷೇಮ, ರೈತರ ಕಾಳಿಗೂ ಕ್ಷೇಮ.

ಮೊಣಕಾಲು ಸವೆಯುತ್ತದೆಯೇ?

ಇಲ್ಲ. ನಡೆಯುವಾಗ ಪ್ರತಿ ಹೆಜ್ಜೆಗೂ ದೇಹದ ಭಾರ ಮೊಣಕಾಲಿನ ಮೇಲೆ ಬೀಳುತ್ತದೆ. ಸೈಕಲ್‌ನಲ್ಲಿ ಆ ಭಾರದ ಹೆಚ್ಚಿನ ಪಾಲನ್ನು ಸೀಟು ಹೊರುತ್ತದೆ. ಕೃತಕ ಮೊಣಕಾಲಿನೊಳಗೆ ಸಂವೇದಕ ಇಟ್ಟು ಅಳೆದಾಗ, ನಡೆಯುವಾಗ ಕೀಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಒತ್ತಡ ಕಂಡುಬಂದಿದೆ. ಹಗುರವಾಗಿ ಸೈಕಲ್ ತುಳಿಯುವಾಗ ಸುಮಾರು ದೇಹತೂಕದಷ್ಟು ಮಾತ್ರ. ಕೀಲುಸವೆತ ಇರುವವರಿಗೂ ವೈದ್ಯರು ಸೈಕಲ್ ವ್ಯಾಯಾಮ ಹೇಳುವುದು ಈ ಕಾರಣಕ್ಕೇ.

ಹಾಗಾದರೆ ಸೈಕಲ್ ಹೊಡೆದವರಿಗೆ ಮೊಣಕಾಲು ನೋಯುವುದೇಕೆ? ಬಹಳಷ್ಟು ಸಲ ತಪ್ಪು ಸೀಟಿನದು. ಎರಡೂ ಕಾಲು ನೆಲಕ್ಕೆ ಪೂರ್ತಿ ಊರಬೇಕೆಂದು ನಮ್ಮಲ್ಲಿ ಸೀಟನ್ನು ತೀರಾ ಕೆಳಗೆ ಇಳಿಸಿರುತ್ತಾರೆ. ಆಗ ಮಂಡಿ ಅತಿಯಾಗಿ ಮಡಚಿಕೊಂಡೇ ಬಲ ಹಾಕಬೇಕಾಗುತ್ತದೆ, ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು, ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಬಾಗಿದಂತಿರುತ್ತದೆ, ಅಷ್ಟು ಸಾಕು. ಪಂಕ್ಚರ್ ಅಂಗಡಿಯಲ್ಲಿ ಒಂದು ಸ್ಪ್ಯಾನರ್ ಕೇಳಿ ಪಡೆದರೆ ಐದು ನಿಮಿಷದ ಕೆಲಸ.

2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಿತು. ಆ ಸೈಕಲ್ ಇಂದಿಗೂ ಮನೆಯ ಮೂಲೆಯಲ್ಲಿದ್ದರೆ, ಬೆಳೆದ ಮಗ ಅದನ್ನೇ ಹಳೆಯ ಎತ್ತರದ ಸೀಟಿನಲ್ಲಿ ತುಳಿದು ಕಾಲು ನೋವೆಂದರೆ, ದೂರಬೇಕಾದದ್ದು ಸೈಕಲ್ಲನ್ನಲ್ಲ.

ಗಂಡಸರ ಭಯ, ಹೆಣ್ಣುಮಕ್ಕಳ ಮೇಲಿನ ಅನುಮಾನ

ಸುಮಾರು ನಾಲ್ಕು ಸಾವಿರ ಗಂಡಸರನ್ನು ಕೇಳಿ ನಡೆಸಿದ, 2018ರಲ್ಲಿ ಅಮೆರಿಕದ ಮೂತ್ರರೋಗ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೈಕಲ್ ಸವಾರರ ಲೈಂಗಿಕ ಸಾಮರ್ಥ್ಯ ಓಟಗಾರರಿಗಿಂತ, ಈಜುಗಾರರಿಗಿಂತ ಕಡಿಮೆ ಇರಲಿಲ್ಲ. ಆದರೆ ತೊಡೆಸಂದಿಯಲ್ಲಿ ಜೋಮು ಹಿಡಿಯುವುದು ಸೈಕಲ್ ಸವಾರರಲ್ಲಿ ಹೆಚ್ಚು ಕಂಡಿತು. ಜೋಮು ಎಂದರೆ ಸೀಟು ನರಗಳನ್ನು ಒತ್ತುತ್ತಿದೆ ಎಂದರ್ಥ, ಅದನ್ನು ಕಡೆಗಣಿಸಬಾರದು. ಆಗಾಗ ಪೆಡಲ್ ಮೇಲೆ ಎದ್ದು ನಿಲ್ಲುವುದು, ಹ್ಯಾಂಡಲ್ ಸೀಟಿಗಿಂತ ತುಸು ಮೇಲಿರುವುದು ನೆರವಾಗುತ್ತವೆ. ನಮ್ಮ ಹಳೆಯ ಸಾದಾ ಸೈಕಲ್‌ಗಳಲ್ಲಿ ಹ್ಯಾಂಡಲ್ ಹೇಗೂ ಮೇಲೇ ಇರುತ್ತದೆ.

ಹೆಣ್ಣುಮಕ್ಕಳ ವಿಚಾರದಲ್ಲಿ ಹರಡುವ ಮಾತು ಇನ್ನೂ ಕೆಟ್ಟದ್ದು. ಕನ್ಯಾಪೊರೆ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತದೆ. ಅದನ್ನು ನೋಡಿ ಯಾರ ಬಗ್ಗೆಯೂ ಏನನ್ನೂ ಹೇಳಲಾಗದು. ‘ಕನ್ಯತ್ವ ಪರೀಕ್ಷೆ’ಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಈ ಫಾರ್ವರ್ಡ್‌ಗೆ ಹೆದರಿ ಹುಡುಗಿಯ ಸೈಕಲ್ ನಿಲ್ಲಿಸಿದರೆ, ಪಕ್ಕದೂರಿನ ಹೈಸ್ಕೂಲೂ ಅವಳಿಗೆ ದೂರವಾಗುತ್ತದೆ.

ಬಿಸಿಲು: ಇಲ್ಲಿ ಮಾತ್ರ ಹೆದರಿಕೆ ಸರಿ

ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗವಷ್ಟೇ ಪೆಡಲ್‌ಗೆ ಹೋಗುತ್ತದೆ. ಉಳಿದದ್ದು ಮೈಯೊಳಗೆ ಶಾಖವಾಗುತ್ತದೆ. ಸೈಕಲ್ ಓಡುತ್ತಿರುವಾಗ ಗಾಳಿ ಬೆವರನ್ನು ಒಣಗಿಸಿ ತಂಪು ಮಾಡುತ್ತದೆ, ಅದಕ್ಕೇ ಎಷ್ಟು ಬೆವರಿದ್ದೇವೆ ಎಂದು ಗೊತ್ತಾಗುವುದಿಲ್ಲ. ನಿಂತ ಕೂಡಲೇ ಅಂಗಿ ತೊಯ್ಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಮಾರ್ಚ್ ನಂತರ ದೂರದ ಸವಾರಿ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆಗಲೂ ಬೆಳಕು ಹರಿದ ಕೂಡಲೇ ಹೊರಟು ಹನ್ನೊಂದರೊಳಗೆ ನೆರಳು ಸೇರಬೇಕು.

ತಣ್ಣೀರಿನಿಂದ ರಕ್ತನಾಳ ಒಡೆಯುವುದಿಲ್ಲ. ಮಣ್ಣಿನ ಗಡಿಗೆಯ ನೀರು, ಫ್ರಿಜ್ ನೀರು ಯಾವುದಾದರೂ ಸರಿ, ಬಾಯಾರಿದಾಗ ಕುಡಿಯಿರಿ. ಈ ಫಾರ್ವರ್ಡ್ ನಂಬಿ ಬಿಸಿಲಿಗೆ ಬಸವಳಿದವರಿಗೆ ನೀರು ಕೊಡದೆ ಕಾಯಿಸುವುದೇ ಅಪಾಯ. ಬಹಳ ಬೆವರಿದಾಗ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಯೂ ಕುಡಿಯಬಹುದು. ಚಮಚ ಸಮತಟ್ಟಾಗಿರಲಿ, ರಾಶಿ ಬೇಡ. ಮಾತು ತೊದಲಿದರೆ, ಗೊಂದಲವಾದರೆ, ಮೈ ಕಾದರೆ ಅದು ಬಿಸಿಲ ಆಘಾತ. ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇಟ್ಟುಕೊಳ್ಳಬೇಕು. ದೂರದ ಸವಾರಿಯಲ್ಲಿ ರಕ್ತದ ಸಕ್ಕರೆ ತೀರಾ ಇಳಿಯಬಹುದು.

ಎಷ್ಟು ದೂರ ಹೋಗಬಹುದು?

ನಡಿಗೆಯ ಶ್ರಮದಲ್ಲೇ ಸೈಕಲ್ ಸುಮಾರು ಮೂರು ಪಟ್ಟು ದೂರ ಒಯ್ಯುತ್ತದೆ. ಗಂಟೆಗೆ 12ರಿಂದ 15 ಕಿ.ಮೀ. ಸಾಮಾನ್ಯರಿಗೂ ಸಾಧ್ಯ. ಕವಿತಾಳದಿಂದ ಮಸ್ಕಿ ಒಂದು ಬೆಳಗಿನ ಸವಾರಿ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅಲ್ಲಿನ ಗುಡ್ಡದ ಬಂಡೆಯ ಮೇಲೆ ಶಾಸನ ಕಂಡರು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದಷ್ಟೇ ಕಾಣುತ್ತಿದ್ದ ದೊರೆಯನ್ನು ಅಶೋಕ ಎಂಬ ಹೆಸರಿನಿಂದ ಗುರುತಿಸಿದ ಶಾಸನ ಅದು. ಇನ್ನೊಂದು ದಿಕ್ಕಿಗೆ ಹೊರಟರೆ ಕಲ್ಲೂರಿನ ಮಹಾಲಕ್ಷ್ಮಿ ಗುಡಿ, ದೇವದುರ್ಗದ ಕಡೆಗಾದರೆ ಗಬ್ಬೂರಿನ ಹಳೆಯ ಗುಡಿಗಳು.

ದೂರಕ್ಕಿಂತ ಗಾಳಿಯ ಲೆಕ್ಕ ಮುಖ್ಯ. ಮುಂಗಾರಿನಲ್ಲಿ ಪಡುವಣ ಗಾಳಿ ಬಲವಾಗಿ ಬೀಸುವಾಗ ಲಿಂಗಸುಗೂರಿನ ಕಡೆ ಹೊರಟವನಿಗೆ ದಾರಿ ಎರಡು ಪಟ್ಟಾದಂತೆ ಅನಿಸುತ್ತದೆ. ಬೆಳಗಿನ ಹೊತ್ತು ಗಾಳಿ ಸಾಮಾನ್ಯವಾಗಿ ಕಡಿಮೆ. ಗಾಳಿಗೆ ಎದುರಾಗಿ ಹೊರಟು, ದಣಿದು ಮರಳುವಾಗ ಅದು ಬೆನ್ನಿಗೆ ಬರುವಂತೆ ದಾರಿ ಹಾಕಿಕೊಳ್ಳಿ. ಮಳೆ ಬಂದ ದಿನ ಎರೆ ಹೊಲದ ದಾರಿ ಹಿಡಿದರೆ ಮಣ್ಣು ಮಡ್‌ಗಾರ್ಡ್‌ಗೆ ತುಂಬಿ ಚಕ್ರವೇ ತಿರುಗದು, ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಗರಸಿನ ದಾರಿ ವಾಸಿ. ಕಾಲುವೆ ಏರಿಯಲ್ಲಿ ಜಾಲಿ ಮುಳ್ಳು, ನೆಗ್ಗಿಲ ಮುಳ್ಳು ತಪ್ಪಿದ್ದಲ್ಲ. ಒಂದು ಟ್ಯೂಬು, ಪಂಪು, ಪಂಕ್ಚರ್ ಸಾಮಾನು ಕ್ಯಾರಿಯರ್‌ನಲ್ಲಿರಲಿ.

ನಾಯಿ ಅಟ್ಟಿದರೆ ಇಳಿದು ಸೈಕಲ್ಲನ್ನು ಅಡ್ಡ ಹಿಡಿಯಿರಿ. ಕಚ್ಚಿದರೆ ಖಾರ, ಸುಣ್ಣ ಬಳಿಯಬಾರದು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಕಾಲುವೆಗೆ ಇಳಿಯಬೇಡಿ

ಬೆವರಿದ ಮೈಗೆ ಕಾಲುವೆ ನೀರು ಕರೆಯುತ್ತದೆ. ಮೇಲಿನಿಂದ ಶಾಂತವಾಗಿ ಕಂಡರೂ ಒಳಗೆ ಸೆಳೆತ ಇರುತ್ತದೆ. ಕಾಂಕ್ರೀಟ್ ಹಾಕಿದ ಓರೆ ಗೋಡೆ ಪಾಚಿಯಿಂದ ಜಾರುತ್ತದೆ, ಈಜು ಬಲ್ಲವರಿಗೂ ಹಿಡಿಯಲು ಏನೂ ಸಿಗದು. ಕೈಕಾಲು ತೊಳೆಯಲು ಮೆಟ್ಟಿಲಿರುವ ಜಾಗ ಬಿಟ್ಟು ಬೇರೆಲ್ಲೂ ಇಳಿಯಬೇಡಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ, ಹೀಗೆ ಹಾರಿದವರೂ ಮುಳುಗುತ್ತಾರೆ. ಹಗ್ಗ, ಧೋತರ, ಸೀರೆ, ಗಾಳಿ ತುಂಬಿದ ಟ್ಯೂಬು ಕೈಗೆ ಸಿಕ್ಕಿದ್ದನ್ನು ದಡದಲ್ಲಿ ಮಲಗಿಕೊಂಡು ಎಸೆಯಿರಿ, ಹರಿವಿನ ಜೊತೆಗೇ ಮುಂದೆ ಓಡಿ ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ ಹತ್ತಿರದ ಸೇತುವೆಯ ಗುರುತು ಹೇಳಿ.